ಜರಡಿಗೆ ಸಿಗದ ಮೀನು: ಮೆಕ್‌ಮರ್ಡೊ ಸೌಂಡ್‌ನ ವೆಡೆಲ್ ಸೀಲ್‌ಗಳ ಆಹಾರದ ಕುರಿತು ಒಂದು ಪ್ರಕರಣ ಅಧ್ಯಯನ

ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ ಬದುಕುವ ವೆಡೆಲ್ ಸೀಲ್‌ಗಳು ಟೂತ್‌ಫಿಶ್ ಎಂಬ ದೊಡ್ಡ ಮೀನನ್ನು ತಿನ್ನುತ್ತವೆಯೇ, ತಿಂದರೆ ಆ ಮೀನು ಅವುಗಳ ಬದುಕಿಗೆ ಎಷ್ಟು ಮುಖ್ಯ ಎಂಬುದು ಮೇಲ್ನೋಟಕ್ಕೆ ಒಂದೆರಡು ಋತುಗಳ ಕೆಲಸದಲ್ಲಿ ಬಗೆಹರಿಯಬೇಕಾದ ಪ್ರಶ್ನೆ. ಆದರೆ ಇದಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಒಂದಕ್ಕೊಂದು ಹೊಂದದ ಎರಡು ಉತ್ತರಗಳು ಬರುತ್ತಲೇ ಇವೆ. ಸೀಲ್‌ಗಳ ಮಲವನ್ನು ತೊಳೆದು ಪರೀಕ್ಷಿಸಿದವರಿಗೆ ಟೂತ್‌ಫಿಶ್‌ನ ಕುರುಹು ಹೆಚ್ಚುಕಡಿಮೆ ಸಿಗಲೇ ಇಲ್ಲ. ಮಂಜುಗಡ್ಡೆಯ ಕಿಂಡಿಗಳ ಪಕ್ಕದಲ್ಲಿ ಕೆಲಸ ಮಾಡಿದವರಾದರೋ ಅದೇ ಸೀಲ್‌ಗಳು ಅದೇ ಮೀನನ್ನು ಬಾಯಲ್ಲಿ ಕಚ್ಚಿಕೊಂಡು ಮೇಲೇಳುವುದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಇಬ್ಬರ ಅವಲೋಕನವೂ ಸರಿಯಾಗಿಯೇ ಇತ್ತು. ಅವೆರಡೂ ಏಕೆ ಕೂಡಿಬರಲಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ವೆಡೆಲ್ ಸೀಲ್ ಭೂಮಿಯ ಅತ್ಯಂತ ದಕ್ಷಿಣದಲ್ಲಿ ಮರಿ ಹಾಕುವ ಕಾಡು ಸಸ್ತನಿ. ಬೆಳೆದ ಪ್ರಾಣಿ ಸುಮಾರು ಮೂರು ಮೀಟರ್ ಉದ್ದವಿದ್ದು, 400ರಿಂದ 500 ಕಿಲೋ ತೂಗುತ್ತದೆ. ರಾಸ್ ಸಮುದ್ರದ ಅಂಚಿನಲ್ಲಿ, 77 ಡಿಗ್ರಿ ದಕ್ಷಿಣ ಅಕ್ಷಾಂಶದ ಆಚೆಗಿರುವ ಮೆಕ್‌ಮರ್ಡೊ ಸೌಂಡ್ ಎಂಬ ಕಡಲತೋಳು ವರ್ಷದ ಬಹುಪಾಲು ಹೆಪ್ಪುಗಟ್ಟಿಯೇ ಇರುವುದರಿಂದ, ಈ ಸೀಲ್‌ಗಳು ಮಂಜುಗಡ್ಡೆಯ ಬಿರುಕುಗಳಲ್ಲಿ ಉಸಿರಾಟದ ಕಿಂಡಿಗಳನ್ನು ಮಾಡಿಕೊಂಡು, ಅವು ಮುಚ್ಚಿಹೋಗದಂತೆ ಮೇಲ್ದವಡೆಯ ಕೋರೆಹಲ್ಲು ಮತ್ತು ಬಾಚಿಹಲ್ಲುಗಳಿಂದ ಕೆರೆಯುತ್ತಾ ಬದುಕುತ್ತವೆ. ಅಮೆರಿಕದ ಮೆಕ್‌ಮರ್ಡೊ ಕೇಂದ್ರವೂ ನ್ಯೂಜಿಲೆಂಡಿನ ಸ್ಕಾಟ್ ಬೇಸ್ ಕೇಂದ್ರವೂ ಪಕ್ಕದಲ್ಲೇ ಇವೆ. ಈ ಕಡಲತೋಳಿನದೇ ಭಾಗವಾದ ಎರೆಬಸ್ ಕೊಲ್ಲಿಯ ಸೀಲ್‌ಗಳಿಗೆ ಗುರುತಿನ ಬಿಲ್ಲೆ ಹಾಕಿ, ತಲೆಮಾರುಗಳ ಉದ್ದಕ್ಕೂ ಹಿಂಬಾಲಿಸುವ ಕೆಲಸ 1960ರ ದಶಕದ ಕೊನೆಯಿಂದ ನಡೆದುಕೊಂಡು ಬಂದಿದೆ. ಸ್ವಚ್ಛಂದವಾಗಿ ಬದುಕುವ ದೊಡ್ಡ ಸಸ್ತನಿಗಳ ಪೈಕಿ ಇಷ್ಟು ದೀರ್ಘಕಾಲ, ಇಷ್ಟು ಹತ್ತಿರದಿಂದ ನೋಡಿದ ಪ್ರಾಣಿಗಳು ವಿರಳ. ಹಾಗಿದ್ದೂ ಅವು ಏನು ತಿನ್ನುತ್ತವೆ ಎಂಬುದರ ಬಗ್ಗೆ ಭಿನ್ನಮತ ಉಳಿದಿರುವುದು ಈ ಪ್ರಕರಣವನ್ನು ಅಧ್ಯಯನಯೋಗ್ಯವಾಗಿಸಿದೆ.

ಪ್ರಶ್ನೆಯ ತೂಕ

ಇದು ವಿಜ್ಞಾನಿಗಳ ಕುತೂಹಲಕ್ಕಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ. ರಾಸ್ ಸಮುದ್ರದಲ್ಲಿ 1996–97ರ ಋತುವಿನಲ್ಲಿ ವಾಣಿಜ್ಯ ಮೀನುಗಾರಿಕೆ ಆರಂಭವಾಯಿತು. ಸಾವಿರಾರು ಗಾಳಗಳನ್ನು ಕಟ್ಟಿದ ಉದ್ದನೆಯ ಹಗ್ಗಗಳನ್ನು ಕಡಲತಳಕ್ಕೆ ಇಳಿಸಿ ಹಿಡಿಯುವ ಮೀನು ಇದೇ ಟೂತ್‌ಫಿಶ್. ಶ್ರೀಮಂತ ದೇಶಗಳ ಹೋಟೆಲುಗಳಲ್ಲಿ ಅದಕ್ಕೆ ಭಾರಿ ಬೆಲೆಯಿದೆ. ಅಲ್ಲಿ ಎಷ್ಟು ಮೀನು ಹಿಡಿಯಬಹುದೆಂದು ತೀರ್ಮಾನಿಸುವುದು ಅಂಟಾರ್ಕ್ಟಿಕಾದ ಸಾಗರಜೀವಿ ಸಂಪನ್ಮೂಲಗಳ ಸಂರಕ್ಷಣಾ ಆಯೋಗ. ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಕಚೇರಿಯಿರುವ ಈ ಆಯೋಗದಲ್ಲಿ ಭಾರತವೂ ಸದಸ್ಯ ರಾಷ್ಟ್ರ. ಆಯೋಗದ ಮೂಲ ಒಪ್ಪಂದವು ಹಿಡಿಯುವ ಮೀನಿನ ಸಂಖ್ಯೆಯನ್ನು ಮಾತ್ರ ನೋಡಿದರೆ ಸಾಲದು, ಆ ಮೀನನ್ನು ಅವಲಂಬಿಸಿದ ಇತರ ಜೀವಿಗಳೊಂದಿಗೆ ಅದಕ್ಕಿರುವ ಸಂಬಂಧವನ್ನೂ ಕಾಪಾಡಬೇಕು ಎಂದು ಹೇಳುತ್ತದೆ. ಆದ್ದರಿಂದ ವೆಡೆಲ್ ಸೀಲ್ ಟೂತ್‌ಫಿಶ್‌ನ ಅವಲಂಬಿತ ಜೀವಿ ಹೌದೋ ಅಲ್ಲವೋ ಎಂಬುದು ನೇರವಾಗಿ ಕಾನೂನಿನ ಅರ್ಥವುಳ್ಳ ಪ್ರಶ್ನೆ. ಮಲದ ಮಾದರಿಯಲ್ಲಿ ಕಾಣದ ಮೀನನ್ನು ಸೀಲ್ ತಿನ್ನುವುದೇ ಇಲ್ಲವೆಂದು ಲೆಕ್ಕದಲ್ಲಿ ಬರೆದುಕೊಂಡರೆ, ಆ ಸೊನ್ನೆ ಹಾಗೆಯೇ ಮೀನುಗಾರಿಕೆಯ ಮಿತಿಯ ಲೆಕ್ಕದೊಳಕ್ಕೂ ನುಸುಳುತ್ತದೆ.

ಹೊಟ್ಟೆ, ಮಲ ಮತ್ತು ಕಿವಿಗಲ್ಲು

ಮೊದಮೊದಲು ಸೀಲ್‌ಗಳ ಆಹಾರವನ್ನು ತಿಳಿಯಲು ಇದ್ದ ದಾರಿ ಒಂದೇ, ಕೊಂದು ಹೊಟ್ಟೆ ಸೀಳಿ ನೋಡುವುದು. ಜಾರುಬಂಡಿ ಎಳೆಯುವ ನಾಯಿಗಳ ಮೇವಿಗಾಗಿ ಅಲ್ಲಿ ಸೀಲ್‌ಗಳನ್ನು ಕೊಲ್ಲುವ ರೂಢಿ ಆಗ ಇದ್ದೇ ಇತ್ತು. ಜಾನ್ ಡಿಯರ್‌ಬಾರ್ನ್ 1965ರಲ್ಲಿ ಪ್ರಕಟಿಸಿದ ಮೆಕ್‌ಮರ್ಡೊ ಸೀಲ್‌ಗಳ ಆಹಾರದ ವರದಿ ಈ ಹೊಟ್ಟೆ ಪರೀಕ್ಷೆಯ ಕಾಲಕ್ಕೆ ಸೇರಿದ್ದು. ಜೀವಂತ ಪ್ರಾಣಿಯನ್ನು ನೋಯಿಸದೆ ಅಧ್ಯಯನ ಮಾಡಬೇಕೆಂಬ ನಿಲುವು ಗಟ್ಟಿಯಾದಂತೆ ಮಲ ಪರೀಕ್ಷೆ ಮುಂದೆ ಬಂತು.

ಸೀಲ್‌ಗಳು ಮಲಗಿದ್ದ ಜಾಗದಲ್ಲಿ ಹೆಪ್ಪುಗಟ್ಟಿ ಬಿದ್ದಿರುವ ಮಲವನ್ನು ಕೆತ್ತಿ ಚೀಲಕ್ಕೆ ಹಾಕಿ, ಪ್ರಯೋಗಾಲಯದಲ್ಲಿ ಕರಗಿಸಿ, ಸೂಕ್ಷ್ಮ ಜರಡಿಯ ಮೇಲೆ ನೀರು ಹಾಯಿಸಿದರೆ ಕಂದು ಕೊಳೆಯೆಲ್ಲ ಕೆಳಗಿಳಿದು ಗಟ್ಟಿ ಚೂರುಗಳು ಮೇಲುಳಿಯುತ್ತವೆ. ಅವುಗಳಲ್ಲಿ ಬೆನ್ನುಮೂಳೆಯ ಮಣಿಗಳಿರುತ್ತವೆ, ಕಣ್ಣಿನ ಮಸೂರಗಳಿರುತ್ತವೆ, ಸ್ಕ್ವಿಡ್‌ನ ಕೊಕ್ಕುಗಳಿರುತ್ತವೆ. ಎಲ್ಲಕ್ಕಿಂತ ಬೆಲೆಯುಳ್ಳದ್ದು ಮೀನಿನ ಒಳಕಿವಿಯಲ್ಲಿರುವ, ಕೆಲವೇ ಮಿಲಿಮೀಟರ್ ಅಳತೆಯ, ಸುಣ್ಣದಂಶದಿಂದಾದ ಬಿಳಿಯ ಹರಳು. ಇದನ್ನು ಕಿವಿಗಲ್ಲು ಎನ್ನೋಣ. ಪ್ರತಿ ಜಾತಿಯ ಮೀನಿಗೂ ಅದರ ಆಕಾರ ಬೇರೆ. ಅಂಚಿನ ಏರಿಳಿತ, ನಡುವಿನ ಗೀರು, ಮೂಗಿನಂತೆ ಚಾಚಿದ ತುದಿ ಇವನ್ನು ಸೂಕ್ಷ್ಮದರ್ಶಕದಡಿ ನೋಡಿ ಪಳಗಿದವರು ಮೀನಿನ ಜಾತಿಯನ್ನು ಹೇಳಬಲ್ಲರು. ಉದ್ದವನ್ನು ಅಳೆದು, ತಿನ್ನಲ್ಪಟ್ಟ ಮೀನು ಎಷ್ಟು ದೊಡ್ಡದಿತ್ತೆಂದೂ ಲೆಕ್ಕ ಹಾಕಬಲ್ಲರು. ಜಠರದ ಆಮ್ಲದಲ್ಲಿ ಅಂಚು ಸವೆದಿದ್ದರೆ ಅದಕ್ಕೆ ತಿದ್ದುಪಡಿ ಮಾಡುವ ಗುಣಕಗಳೂ ಇವೆ. ಸೀಲ್‌ಗಳ ಆಹಾರದ ಬಗ್ಗೆ ಜಗತ್ತಿನಾದ್ಯಂತ ನಮಗೆ ತಿಳಿದಿರುವುದರ ದೊಡ್ಡ ಪಾಲು ಈ ಹರಳುಗಳಿಂದಲೇ ಬಂದದ್ದು. ಈ ವಿಧಾನದ ಬಗ್ಗೆ ನನಗೆ ಗೌರವವಿದೆ.

ಮೆಕ್‌ಮರ್ಡೊದ ಮಲದ ಮಾದರಿಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ಸಿಲ್ವರ್‌ಫಿಶ್‌ನ ಕಿವಿಗಲ್ಲು. ಸಿಲ್ವರ್‌ಫಿಶ್ ಒಂದು ಗೇಣಿನ ಆಸುಪಾಸಿನ, ಗುಂಪಾಗಿ ನಡುನೀರಿನಲ್ಲಿ ಈಜುವ, ಕೊಬ್ಬುಳ್ಳ ಮೀನು. ರಾಸ್ ಸಮುದ್ರದ ಆಹಾರ ಜಾಲದಲ್ಲಿ ಪೆಂಗ್ವಿನ್, ತಿಮಿಂಗಿಲ, ಸೀಲ್ ಎಲ್ಲಕ್ಕೂ ಬೇಕಾದದ್ದು. ಟೂತ್‌ಫಿಶ್‌ನ ಕಿವಿಗಲ್ಲು ಮಾತ್ರ ಇಲ್ಲವೆನ್ನುವಷ್ಟು ಅಪರೂಪ. ಇದರ ಮೇಲೆ ನಿಂತು, ವೆಡೆಲ್ ಸೀಲ್‌ನ ಆಹಾರದಲ್ಲಿ ಟೂತ್‌ಫಿಶ್‌ಗೆ ಹೇಳಿಕೊಳ್ಳುವಂಥ ಪಾತ್ರವಿಲ್ಲ ಎಂಬ ತೀರ್ಮಾನಕ್ಕೆ ಬರುವುದು ಸುಲಭವಾಗಿತ್ತು.

ಆದರೆ ಟೂತ್‌ಫಿಶ್ ಸಿಲ್ವರ್‌ಫಿಶ್‌ನ ಹಾಗಲ್ಲ. ಅದು ಎರಡು ಮೀಟರ್‌ವರೆಗೂ ಬೆಳೆಯಬಲ್ಲದು, ನೂರು ಕಿಲೋ ಮೀರಬಲ್ಲದು. ಅಂಥ ಮೀನನ್ನು ಸೀಲ್ ಇಡಿಯಾಗಿ ನುಂಗುವುದಿಲ್ಲ. ಮಾಂಸವನ್ನು ಕಿತ್ತು ತಿಂದು ತಲೆಯನ್ನೂ ಬೆನ್ನುಮೂಳೆಯನ್ನೂ ಬಿಟ್ಟುಬಿಡುತ್ತದೆ. ಕಿವಿಗಲ್ಲು ಇರುವುದು ತಲೆಯೊಳಗೆ. ತಲೆಯೇ ಹೊಟ್ಟೆಗೆ ಹೋಗದ ಮೇಲೆ ಆ ಹರಳು ಮಲದಲ್ಲಿ ಬರುವುದೆಲ್ಲಿಂದ? ನಮ್ಮ ಕರಾವಳಿಯ ಮನೆಯಲ್ಲಿ ಕೊಲ್ಲತರು ಹುರಿದರೆ ತಲೆ ಬಾಲ ಸಮೇತ ಬಾಯಿಗೆ ಹೋಗುತ್ತದೆ, ದೊಡ್ಡ ಅಂಜಲ್ ತಂದರೆ ತಟ್ಟೆಗೆ ಬರುವುದು ತುಂಡು ಮಾತ್ರ. ಎರಡನ್ನೂ ಒಂದೇ ಅಳತೆಯಿಂದ ಎಣಿಸಲು ಹೊರಟರೆ ಅಂಜಲ್ ತಿಂದದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಇಡಿಯಾಗಿ ನುಂಗುವ ಚಿಕ್ಕ ಮೀನನ್ನು ಎತ್ತಿ ತೋರಿಸುವುದೂ ಕಿತ್ತು ತಿನ್ನುವ ದೊಡ್ಡ ಮೀನನ್ನು ಮರೆಮಾಡುವುದೂ ಕಿವಿಗಲ್ಲಿನ ವಿಧಾನದ ಸಹಜ ಗುಣ. ಮಾದರಿಗಳ ಸಂಖ್ಯೆಯನ್ನು ಹತ್ತು ಪಟ್ಟು ಮಾಡಿದರೂ ಈ ಕೊರತೆ ನೀಗುವುದಿಲ್ಲ. ಇದು ಮಾದರಿ ಸಾಲದೆ ಆದ ತಪ್ಪಲ್ಲ, ತಿನ್ನುವ ರೀತಿಯಿಂದಲೇ ಬರುವ ತಪ್ಪು.

ಕಿಂಡಿಯ ಪಕ್ಕದ ಸಾಕ್ಷ್ಯ

ಟೂತ್‌ಫಿಶ್ ಹಿಡಿದ ಸೀಲ್ ಅದನ್ನು ಆಳದಲ್ಲೇ ತಿಂದು ಮುಗಿಸುವಂತಿಲ್ಲ. ಅದಕ್ಕೆ ಉಸಿರು ಬೇಕು, ಉಸಿರಿಗೆ ಕಿಂಡಿಗೆ ಬರಲೇಬೇಕು. ಅರ್ಧ ಆಳಿನುದ್ದದ ಮೀನನ್ನು ದವಡೆಯಲ್ಲಿ ಅಡ್ಡಲಾಗಿ ಹಿಡಿದು ಕಿಂಡಿಯ ನೀರಿನಿಂದ ಮೂತಿಯೆತ್ತಿ ಅದು ಏದುಸಿರು ಬಿಡುತ್ತಿರುತ್ತದೆ. ಮೀನು ಇನ್ನೂ ಸತ್ತಿರುವುದಿಲ್ಲವಾದ್ದರಿಂದ ಬಾಲ ಬಡಿಯುತ್ತಲೇ ಇರುತ್ತದೆ. ನ್ಯೂಜಿಲೆಂಡಿನ ಸಂಶೋಧಕರು 1969ರಷ್ಟು ಹಿಂದೆಯೇ ಒಂದು ಸೀಲ್ ಹೀಗೆ ಟೂತ್‌ಫಿಶ್ ತಂದು ತಿಂದದ್ದನ್ನು ನೋಡಿ, ಆ ಮೀನುಗಳನ್ನು ಅಳೆದು ಪ್ರಕಟಿಸಿದ್ದಾರೆ. ಆಮೇಲೂ ಮುಳುಗುಗಾರರು, ಮೀನುಶಾಸ್ತ್ರಜ್ಞರು, ಸೀಲ್ ಎಣಿಸುವವರು ಇಂಥ ದೃಶ್ಯಗಳನ್ನು ದಾಖಲಿಸುತ್ತ ಬಂದರು. ಡೇವಿಡ್ ಐನ್ಲಿ ಮತ್ತು ಡೊನಾಲ್ಡ್ ಸಿನಿಫ್ ಅವರು ಚದುರಿಹೋಗಿದ್ದ ಈ ಎಲ್ಲ ಸಾಕ್ಷ್ಯಗಳನ್ನು 2009ರಲ್ಲಿ ಒಂದೆಡೆ ತಂದು, ಟೂತ್‌ಫಿಶ್ ವೆಡೆಲ್ ಸೀಲ್‌ಗೆ ಮುಖ್ಯ ಆಹಾರವೆಂದು ವಾದಿಸಿದರು.

ಈ ಸಾಕ್ಷ್ಯಕ್ಕೂ ತನ್ನದೇ ಓರೆಯಿದೆ, ಅದನ್ನು ಮುಚ್ಚಿಡಬಾರದು. ದೊಡ್ಡ ಮೀನು ಕಣ್ಣಿಗೆ ಬೀಳುತ್ತದೆ, ನೋಡಿದವರ ಮನಸ್ಸಿನಲ್ಲಿ ನಿಲ್ಲುತ್ತದೆ, ದಿನಚರಿಯಲ್ಲಿ ಬರೆಯಲ್ಪಡುತ್ತದೆ. ಇನ್ನೂರು ಮೀಟರ್ ಆಳದಲ್ಲಿ ಒಂದಾದ ಮೇಲೊಂದರಂತೆ ನುಂಗಿದ ಸಿಲ್ವರ್‌ಫಿಶ್‌ಗಳನ್ನು ಕಿಂಡಿಯ ಪಕ್ಕದಲ್ಲಿ ನಿಂತ ಯಾರೂ ನೋಡಲಾರರು. ಜರಡಿ ಚಿಕ್ಕ ಮೀನಿನ ಕಡೆಗೆ ವಾಲಿದರೆ ಕಣ್ಣು ದೊಡ್ಡ ಮೀನಿನ ಕಡೆಗೆ ವಾಲುತ್ತದೆ.

ಸೀಲ್‌ನ ತಲೆಯ ಮೇಲಿನ ಕ್ಯಾಮೆರಾ

ಇವೆರಡರ ನಡುವೆ ನೀರಿನೊಳಗಿನ ಸಾಕ್ಷಿಯೊಂದು ಬೇಕಿತ್ತು. ಅದಕ್ಕೆ ದಾರಿ ಮಾಡಿದ್ದು ಜೆರಾಲ್ಡ್ ಕೂಯ್‌ಮನ್ 1960ರ ದಶಕದಲ್ಲಿ ರೂಪಿಸಿದ ಸರಳ ಏರ್ಪಾಡು. ಬಿರುಕುಗಳಿಂದ ದೂರದಲ್ಲಿ, ಎರಡು ಮೀಟರ್‌ನಷ್ಟು ದಪ್ಪದ ಗಟ್ಟಿ ಮಂಜುಗಡ್ಡೆಯಲ್ಲಿ ಒಂದೇ ಒಂದು ಕಿಂಡಿ ಕೊರೆದು, ಉಪಕರಣ ಅಂಟಿಸಿದ ಸೀಲನ್ನು ಅಲ್ಲಿ ಬಿಟ್ಟರೆ, ಈಜಿ ತಲುಪಬಲ್ಲ ದೂರದಲ್ಲಿ ಬೇರೆ ಕಿಂಡಿಯಿಲ್ಲದ ಕಾರಣ ಅದು ಅಲ್ಲಿಗೇ ಮರಳಬೇಕು, ಮರಳಿದಾಗ ಉಪಕರಣವೂ ಕೈಸೇರುತ್ತದೆ. ಕೂಯ್‌ಮನ್ ಅವರ ಮೊದಲ ಆಳಮಾಪಕದ ಒಳಗಿದ್ದದ್ದು ಅಡುಗೆಮನೆಯಲ್ಲಿ ಬಳಸುವ ಟೈಮರ್‌ನ ಯಂತ್ರ. ಈ ಪ್ರಾಣಿ 600 ಮೀಟರ್ ಆಳಕ್ಕೆ ಹೋಗಬಲ್ಲದು, ಒಂದು ಗಂಟೆಗೂ ಹೆಚ್ಚು ಉಸಿರು ಹಿಡಿಯಬಲ್ಲದು ಎಂಬ ಅರಿವಿಗೆ ಅಲ್ಲಿಂದಲೇ ಬುನಾದಿ ಬಿತ್ತು.

ಅದೇ ಏರ್ಪಾಡನ್ನು ಬಳಸಿ ರಾಂಡಲ್ ಡೇವಿಸ್, ಲೀ ಫ್ಯೂಮನ್, ಟೆರ್ರಿ ವಿಲಿಯಮ್ಸ್ ಮತ್ತು ಸಂಗಡಿಗರು ಸೀಲ್‌ನ ತಲೆಯ ಮೇಲೆ ಪುಟ್ಟ ಕ್ಯಾಮೆರಾವನ್ನೂ ಅವಕೆಂಪು ಬೆಳಕನ್ನೂ ಕೂರಿಸಿ, ಬೆನ್ನಿನ ಮೇಲೆ ದಾಖಲೆ ಯಂತ್ರವನ್ನಿಟ್ಟು ಬೇಟೆಯನ್ನೇ ಚಿತ್ರೀಕರಿಸಿದರು. 1999ರಲ್ಲಿ ಪ್ರಕಟವಾದ ಆ ಫಲಿತಾಂಶ ಸೀಲ್ ಅಧ್ಯಯನದಲ್ಲಿ ಒಂದು ಮೈಲಿಗಲ್ಲು. ಮಂಜುಗಡ್ಡೆಯ ಅಡಿಯ ಸಂದುಗಳಲ್ಲಿ ಅಡಗಿದ ಪುಟ್ಟ ಮೀನುಗಳನ್ನು ಎಬ್ಬಿಸಲು ಸೀಲ್ ಮೂಗಿನಿಂದ ಗಾಳಿಗುಳ್ಳೆಗಳನ್ನು ಊದುವುದು ಅದರಲ್ಲಿ ಕಂಡಿತು. ಟೂತ್‌ಫಿಶ್‌ನ ಬಳಿಗೆ, ಅದು ಬೆದರದಂತೆ, ಕೆಲವೇ ಸೆಂಟಿಮೀಟರ್ ಅಂತರಕ್ಕೆ ಸೀಲ್ ನುಸುಳಿ ಬರುವುದೂ ಕಂಡಿತು. ಆಳದಲ್ಲಿ ಸಿಲ್ವರ್‌ಫಿಶ್‌ಗಳನ್ನು ಹುಡುಕುವುದೂ ಸ್ಪಷ್ಟವಾಗಿತ್ತು. ಮೀನುಗಳು ಸಹಜ ಸ್ಥಿತಿಯಲ್ಲಿ ಯಾವ ಆಳದಲ್ಲಿರುತ್ತವೆ, ಹೇಗೆ ವರ್ತಿಸುತ್ತವೆ ಎಂಬುದನ್ನೂ ಬೇಟೆಗಾರನ ತಲೆಯ ಮೇಲಿನ ಈ ಕಣ್ಣಿನಿಂದಲೇ ಆ ತಂಡ ಅನಂತರ ವರದಿ ಮಾಡಿತು.

ಆದರೂ ಚಿತ್ರೀಕರಿಸಿದ್ದು ಕೆಲವೇ ಸೀಲ್‌ಗಳನ್ನು, ಕೆಲವೇ ದಿನಗಳ ಕಾಲ, ಮನುಷ್ಯರು ಆಯ್ದ ಜಾಗದಲ್ಲಿ. ಸೀಲ್ ಏನು ಮಾಡಬಲ್ಲದು ಎಂಬುದಕ್ಕೆ ಕ್ಯಾಮೆರಾ ಅಲ್ಲಗಳೆಯಲಾಗದ ಸಾಕ್ಷಿ. ವರ್ಷವಿಡೀ, ಇಡೀ ಸಮುದಾಯ ಎಷ್ಟು ತಿನ್ನುತ್ತದೆ ಎಂಬ ಮೊತ್ತವನ್ನು ಮಾತ್ರ ಅದು ಕೊಡಲಾರದು.

ರಕ್ತ, ಮೀಸೆ, ಕೊಬ್ಬು

ಮೊತ್ತದ ಪ್ರಶ್ನೆಗೆ ಉತ್ತರವನ್ನು ಸೀಲ್‌ನ ದೇಹದಲ್ಲೇ ಹುಡುಕಬಹುದೆಂಬ ಭರವಸೆ ಸ್ಥಿರ ಐಸೋಟೋಪುಗಳಿಂದ, ಅಂದರೆ ಒಂದೇ ಮೂಲವಸ್ತುವಿನ ತೂಕ ಬೇರೆಯಾದ, ಕ್ಷಯಿಸದ ಪರಮಾಣುಗಳಿಂದ ಬಂತು. ತಿಂದ ಆಹಾರದ ಸಾರಜನಕವೇ ಪ್ರಾಣಿಯ ಅಂಗಾಂಶವಾಗುವುದರಿಂದ, ಆಹಾರ ಸರಪಳಿಯಲ್ಲಿ ಒಂದೊಂದು ಮೆಟ್ಟಿಲು ಮೇಲೇರಿದಂತೆ ಅದರ ಭಾರದ ರೂಪವಾದ ಸಾರಜನಕ-15ರ ಪ್ರಮಾಣ ಸ್ವಲ್ಪ ಸ್ವಲ್ಪ ಏರುತ್ತದೆ. ಟೂತ್‌ಫಿಶ್ ಸ್ವತಃ ಸಿಲ್ವರ್‌ಫಿಶ್ ತಿನ್ನುವ ಮೀನು, ಅಂದರೆ ಒಂದು ಮೆಟ್ಟಿಲು ಮೇಲಿನದು. ಹಾಗಾಗಿ ಅದನ್ನು ಹೆಚ್ಚು ತಿಂದ ಸೀಲ್‌ನ ರಕ್ತದಲ್ಲಿ ಆ ಗುರುತು ಏರಿರಬೇಕು. ರಕ್ತದ ದ್ರವಭಾಗ ಇತ್ತೀಚಿನ ದಿನಗಳ ಆಹಾರವನ್ನೂ, ಕೆಂಪು ಕಣಗಳು ಹಿಂದಿನ ತಿಂಗಳುಗಳನ್ನೂ, ಮೀಸೆಯ ಕೂದಲು ಇನ್ನೂ ದೀರ್ಘ ಕಾಲವನ್ನೂ ತೋರಿಸುತ್ತವೆ. ಜೆನಿಫರ್ ಬರ್ನ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವೂ ಅನಂತರದ ಐಸೋಟೋಪ್ ಕೆಲಸಗಳೂ ಸಿಲ್ವರ್‌ಫಿಶ್‌ನ ಪ್ರಾಮುಖ್ಯವನ್ನು ಎತ್ತಿಹಿಡಿದವು.

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಬೇಕು. ಟೂತ್‌ಫಿಶ್‌ಗೆ ಗಾಳಿಚೀಲವಿಲ್ಲ. ಬೆಳೆದ ಮೀನು ಮುಳುಗದೆ ತೇಲದೆ ನೀರಿನಲ್ಲಿ ನಿಲ್ಲುವುದು ತನ್ನ ಮೈಯಲ್ಲಿ ತುಂಬಿಕೊಂಡ ಕೊಬ್ಬಿನ ಬಲದಿಂದ. ಸೀಲ್‌ಗೆ ಅದರಿಂದ ಸಿಗುವ ಮುಖ್ಯ ಲಾಭವೂ ಆ ಕೊಬ್ಬೇ. ಆದರೆ ಕೊಬ್ಬಿನಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಸಾರಜನಕವನ್ನು ನಂಬಿದ ಅಳತೆ ಆಹಾರದ ಪ್ರೋಟೀನ್ ಎಲ್ಲಿಂದ ಬಂತೆಂದು ಹೇಳುತ್ತದೆಯೇ ಹೊರತು ಶಕ್ತಿ ಎಲ್ಲಿಂದ ಬಂತೆಂದು ಹೇಳುವುದಿಲ್ಲ. ಸಾಲದ್ದಕ್ಕೆ, ಕಡಲತಳದ ಇತರ ಬೇಟೆಗಾರ ಮೀನುಗಳ ಗುರುತು ಟೂತ್‌ಫಿಶ್‌ನ ಗುರುತಿನೊಂದಿಗೆ ಕಲಸಿಹೋಗುವ ಸಂಭವವೂ ಇದೆ. ಜರಡಿಯಲ್ಲಿ ತಪ್ಪಿಸಿಕೊಂಡ ಮೀನೇ ಬೇರೊಂದು ಕಾರಣಕ್ಕೆ ಇಲ್ಲಿಯೂ ಅರ್ಧ ಮರೆಯಾಗುತ್ತದೆ.

ಶಕ್ತಿಯ ಮಾತು ಬಂದಾಗ ಮರಿ ಹಾಕಿದ ತಾಯಂದಿರ ವಿಷಯಕ್ಕೆ ಬರಲೇಬೇಕು, ಏಕೆಂದರೆ ಇಡೀ ಪ್ರಕರಣದ ತಿರುಳು ಅಲ್ಲಿದೆ ಎಂದು ನಾನು ಭಾವಿಸುತ್ತೇನೆ. ಅಕ್ಟೋಬರ್–ನವೆಂಬರ್‌ನಲ್ಲಿ ಹುಟ್ಟುವ ಮರಿ ಮೂವತ್ತು ಕಿಲೋದ ಆಸುಪಾಸಿನಲ್ಲಿದ್ದು, ಆರೇಳು ವಾರಗಳ ಮೊಲೆಹಾಲಿನಲ್ಲಿ ನೂರು ಕಿಲೋ ಮುಟ್ಟುತ್ತದೆ. ಅಷ್ಟರಲ್ಲಿ ತಾಯಿಯ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಇಳಿದುಹೋಗಿರುತ್ತದೆ. ಬಾಣಂತಿ ಸೀಲ್ ಈ ಅವಧಿಯಲ್ಲಿ ಉಪವಾಸವಿರುತ್ತದೆ ಎಂಬ ಹಳೆಯ ನಂಬಿಕೆಯನ್ನು ರೆಜಿನಾ ಐಸರ್ಟ್ ಮತ್ತು ಸಂಗಡಿಗರು 2005ರಲ್ಲಿ ಪರೀಕ್ಷಿಸಿದರು. ಕಡಲಮೀನಿನಲ್ಲಿ ಹೇರಳವಾಗಿರುವ ಕೆಲವು ರಾಸಾಯನಿಕಗಳು ಸೀಲ್‌ನ ರಕ್ತದಲ್ಲಿ ಕಾಣಿಸಿಕೊಂಡರೆ ಅದು ಇತ್ತೀಚೆಗೆ ಮೀನು ತಿಂದಿದೆ ಎಂದರ್ಥ. ಹಾಲೂಡಿಸುವ ತಾಯಂದಿರಲ್ಲೂ ಆ ಕುರುಹು ಸಿಕ್ಕಿತು. ಸೊರಗಿದ ತಾಯಿ, ಮರಿಯನ್ನು ಬಿಟ್ಟು ಬಹಳ ಹೊತ್ತು ದೂರ ಹೋಗಲಾಗದ ತಾಯಿ, ಕಡಿಮೆ ಹೊತ್ತಿನಲ್ಲಿ ಹೆಚ್ಚು ಕೊಬ್ಬು ಸಿಗುವ ಬೇಟೆಯನ್ನು ಬಯಸಿದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಹತ್ತಾರು ಕಿಲೋದ ಒಂದು ಟೂತ್‌ಫಿಶ್‌ಗೆ ಸಮನಾಗಬೇಕಾದರೆ ನೂರಾರು ಸಿಲ್ವರ್‌ಫಿಶ್‌ಗಳನ್ನು ಬೆನ್ನಟ್ಟಬೇಕು. ವರ್ಷದ ಒಟ್ಟು ಆಹಾರದಲ್ಲಿ ಟೂತ್‌ಫಿಶ್‌ನ ಪಾಲು ಸಣ್ಣದೇ ಇರಲಿ, ಆ ಕೆಲವು ವಾರಗಳಲ್ಲಿ ಅದು ಸಿಗುವುದೋ ಇಲ್ಲವೋ ಎಂಬುದರ ಮೇಲೆ ತಾಯಿ ಚೇತರಿಸಿಕೊಳ್ಳುವುದು, ಮುಂದಿನ ವರ್ಷ ಮತ್ತೆ ಮರಿ ಹಾಕುವುದು ನಿಂತಿರಬಹುದು. ಆಹಾರದ ಸರಾಸರಿ ಪಾಲನ್ನು ಮಾತ್ರ ಕೇಳುವ ಅಧ್ಯಯನಕ್ಕೆ ಇದು ಕಾಣಿಸುವುದೇ ಇಲ್ಲ.

ಮೀನೇ ಕಡಿಮೆಯಾದಾಗ

ಮೀನುಗಳ ರಕ್ತ ಚಳಿಗೆ ಮಂಜುಗಡ್ಡೆಯಾಗದಂತೆ ತಡೆಯುವ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಥರ್ ಡಿವ್ರೀಸ್ 1970ರ ದಶಕದ ಆರಂಭದಿಂದ ಮೆಕ್‌ಮರ್ಡೊದ ಮಂಜುಗಡ್ಡೆಯಲ್ಲಿ ಕಿಂಡಿ ಕೊರೆದು, ಸಂಶೋಧನೆಗಾಗಿ ಟೂತ್‌ಫಿಶ್ ಹಿಡಿಯುತ್ತ ಬಂದವರು. 2000ದ ಬಳಿಕ ಅವರ ಗಾಳಕ್ಕೆ ಮೀನು ಬೀಳುವುದು ತೀವ್ರವಾಗಿ ಇಳಿಯಿತು. ಮೀನುಗಾರಿಕೆಯೇ ಕಾರಣವೆಂದು ಕೆಲವರು ಹೇಳಿದರು. ಆದರೆ 2000ದ ಮಾರ್ಚ್‌ನಲ್ಲಿ ರಾಸ್ ಹಿಮಚಾಚಿನಿಂದ ಬಿ-15 ಎಂಬ, ಸುಮಾರು 11,000 ಚದರ ಕಿಲೋಮೀಟರ್ ವಿಸ್ತಾರದ ಹಿಮಬಂಡೆ ಕಳಚಿಕೊಂಡು, ಅದರ ತುಂಡುಗಳು ಹಲವು ವರ್ಷ ಆ ಪ್ರದೇಶದ ಮಂಜುಗಡ್ಡೆಯ ಚಲನೆಯನ್ನೇ ಕೆಡಿಸಿದ್ದವು. ಸೀಲ್‌ಗಳ ಮರಿ ಹಾಕುವಿಕೆಯೂ ಆ ವರ್ಷಗಳಲ್ಲಿ ಏರುಪೇರಾಯಿತು. 2014ರ ಸಮೀಕ್ಷೆಯಲ್ಲಿ ದೊಡ್ಡ ಟೂತ್‌ಫಿಶ್‌ಗಳು ಮತ್ತೆ ಸಿಕ್ಕವು. ಮೀನಿನ ಇಳಿಕೆ, ಹಿಮಬಂಡೆ, ಸೀಲ್‌ಗಳ ಸ್ಥಿತಿ ಈ ಮೂರೂ ಒಂದೇ ಕಾಲದಲ್ಲಿ ನಡೆದದ್ದರಿಂದ ಯಾವುದು ಯಾವುದಕ್ಕೆ ಕಾರಣವೆಂದು ಆ ಅಂಕಿಗಳಿಂದ ಬೇರ್ಪಡಿಸಿ ಹೇಳಲಾಗದು. ಇಂಥ ಕಡೆ ಅವಸರದ ಆರೋಪವೂ ಬೇಡ, ಅವಸರದ ಸಮಾಧಾನವೂ ಬೇಡ.

ಟೂತ್‌ಫಿಶ್ ಹತ್ತು ವರ್ಷ ದಾಟಿದ ಮೇಲೆ ಪ್ರಾಯಕ್ಕೆ ಬರುವ, ನಿಧಾನವಾಗಿ ಬೆಳೆಯುವ ಮೀನು. ಆಯೋಗದ ನಿಯಮದ ಪ್ರಕಾರ 35 ವರ್ಷಗಳ ಕೊನೆಗೆ ಮೊಟ್ಟೆಯಿಡುವ ಮೀನುಗಳ ಒಟ್ಟು ತೂಕ, ಮೀನುಗಾರಿಕೆ ಆರಂಭವಾಗುವ ಮುನ್ನ ಇದ್ದುದರ ಅರ್ಧದಷ್ಟು ಉಳಿಯಬೇಕು. ಮೀನಿನ ದೃಷ್ಟಿಯಿಂದ ಇದು ಎಚ್ಚರಿಕೆಯ ಮಿತಿಯೇ. ಆದರೆ ನವೆಂಬರ್‌ನಲ್ಲಿ ಮರಿಯ ಪಕ್ಕದಿಂದ ಎದ್ದು ಕಿಂಡಿಗಿಳಿಯುವ ತಾಯಿ ಸೀಲ್‌ಗೆ ಅರ್ಧ ಸಾಕೇ ಎಂಬುದನ್ನು ಆ ನಿಯಮ ಕೇಳುವುದಿಲ್ಲ. ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

2016ರ ಅಕ್ಟೋಬರ್‌ನಲ್ಲಿ ಆಯೋಗದ ಸದಸ್ಯರೆಲ್ಲರೂ ಒಪ್ಪಿ ರಾಸ್ ಸಮುದ್ರದ 15.5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಸಂರಕ್ಷಿತವೆಂದು ಘೋಷಿಸಿದರು. 2017ರ ಡಿಸೆಂಬರ್ 1ರಿಂದ ಅದು ಜಾರಿಯಲ್ಲಿದೆ, ಅವಧಿ 35 ವರ್ಷ. ಹತ್ತು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ ನಡೆಯಬೇಕು. ಆ ಪರಿಶೀಲನೆಯ ಮೇಜಿಗೆ ಹೋಗುವ ಸೀಲ್ ಆಹಾರದ ವರದಿಗಳಲ್ಲಿ ಕಿವಿಗಲ್ಲಿನ ಎಣಿಕೆಯ ಪಕ್ಕದಲ್ಲೇ, ಆ ವಿಧಾನಕ್ಕೆ ಯಾವ ಗಾತ್ರದ ಮೀನು ಕಾಣುವುದಿಲ್ಲ ಎಂಬುದನ್ನೂ ಬರೆದಿರಬೇಕು. ತಲೆ ಬಿಟ್ಟು ಮಾಂಸ ಮಾತ್ರ ತಿಂದರೂ ಮಲದಲ್ಲಿ ಉಳಿಯಬಲ್ಲ ಡಿಎನ್ಎ ಕುರುಹನ್ನು, ಹಾಲೂಡಿಸುವ ಕೊನೆಯ ವಾರಗಳಲ್ಲಿ ಸಂಗ್ರಹಿಸಿದ ಮಾದರಿಗಳಲ್ಲಿ ಹುಡುಕಬೇಕು. ದವಡೆಯ ಚಲನೆಯನ್ನು ಅಳೆಯುವ ಪುಟ್ಟ ಉಪಕರಣಗಳು ಈಗ ಲಭ್ಯವಿವೆ. ಅವನ್ನೂ ಕ್ಯಾಮೆರಾವನ್ನೂ ಒಂಟಿ ಕಿಂಡಿಯ ಸೀಲ್‌ಗಳಿಗಷ್ಟೇ ಅಲ್ಲದೆ ಎರೆಬಸ್ ಕೊಲ್ಲಿಯ ತಾಯಂದಿರಿಗೂ ಅಳವಡಿಸಬೇಕು. ಕಿಂಡಿಗಳ ಬಳಿ ಕೆಲಸ ಮಾಡುವವರು ಟೂತ್‌ಫಿಶ್ ಕಂಡ ಹೊತ್ತನ್ನು ಬರೆದಿಡುವಷ್ಟೇ ಕಟ್ಟುನಿಟ್ಟಾಗಿ, ಕಾದು ನಿಂತರೂ ಏನೂ ಕಾಣದ ಹೊತ್ತನ್ನೂ ಬರೆದಿಡಬೇಕು. ಗುರುತಿನ ಬಿಲ್ಲೆ ಹೊತ್ತ ತಾಯಿ ಒಂದೊಂದಕ್ಕೂ ಹೆರಿಗೆಯ ಇತಿಹಾಸ ದಾಖಲೆಯಲ್ಲಿದೆ. ಅದರ ಪಕ್ಕದಲ್ಲಿ ಅದೇ ತಾಯಿ ಆ ವರ್ಷ ಏನು ತಿಂದಿತೆಂಬುದನ್ನೂ ಇಟ್ಟು ನೋಡಿದಾಗ ಟೂತ್‌ಫಿಶ್ ಸಿಕ್ಕ ವರ್ಷಕ್ಕೂ ಸಿಗದ ವರ್ಷಕ್ಕೂ ಇರುವ ವ್ಯತ್ಯಾಸ ಮರಿಗಳ ಸಂಖ್ಯೆಯಲ್ಲೇ ತಿಳಿಯುತ್ತದೆ.